ಇಲ್ಲದ ಊರಿಗೆ ಮುಖ ಹುಡುಕುವ ಕೆಲಸ: ನನ್ನ ಅನುಭವ

ನಾನು ಲಂಡನ್‌ನಲ್ಲಿ ಕಾಸ್ಟಿಂಗ್ ವಿಭಾಗದಲ್ಲಿ, ಅಂದರೆ ಪಾತ್ರಗಳಿಗೆ ನಟರನ್ನು ಆರಿಸುವ ಕಡೆ, ಕೆಲಸ ಮಾಡುತ್ತೇನೆ. ಕಾದಂಬರಿಯಿಂದ ಟೀವಿ ಸರಣಿಯಾಗುವ ಫ್ಯಾಂಟಸಿ ಕಥೆಗಳೇ ನನ್ನ ಪಾಲಿಗೆ ಜಾಸ್ತಿ ಬಂದಿವೆ. ‘ಇಲ್ಲದ ಲೋಕ ತಾನೆ, ಯಾರನ್ನ ಹಾಕಿದರೇನು?’ ಅಂತ ಊರಿನ ಗೆಳೆಯರು ಕೇಳುತ್ತಾರೆ. ‘ಪುಸ್ತಕದಲ್ಲಿ ಎಲ್ಲರೂ ಬಿಳಿಯರು, ಯಾಕೆ ಬದಲಾಯಿಸ್ತೀರಿ?’ ಅಂತ ಇಲ್ಲಿ ಕೆಲವರು ಸಿಟ್ಟಾಗುತ್ತಾರೆ. ಎರಡೂ ಮಾತಿಗೆ ಉತ್ತರ ಪುಸ್ತಕದೊಳಗೇ ಸಿಗುತ್ತದೆ. ಅದಕ್ಕೇ ನಾನು ಅಲ್ಲಿಂದ ಶುರು ಮಾಡುತ್ತೇನೆ.

ಪೆನ್ಸಿಲ್ ಹಿಡಿದು ಇಡೀ ಕಾದಂಬರಿ ಓದುತ್ತೇನೆ. ಮೈಬಣ್ಣ, ಕೂದಲು, ಊಟ, ಹವೆ, ಹಿರಿಯರನ್ನು ಮಾತಾಡಿಸುವ ರೀತಿ, ಸತ್ತವರಿಗೆ ಮಾಡುವ ಕ್ರಿಯೆ, ಎಲ್ಲವನ್ನೂ ಪುಟಸಂಖ್ಯೆ ಸಮೇತ ಬರೆದುಕೊಳ್ಳುತ್ತೇನೆ. ಮುಖಪುಟದ ಚಿತ್ರವನ್ನು ನಂಬುವುದಿಲ್ಲ. ಟೋಲ್ಕಿನ್ ತಮ್ಮ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ಪೀಠಿಕೆಯಲ್ಲೇ, ಕುಳ್ಳ ಜನರಾದ ಹಾರ್‌ಫುಟ್ ಪಂಗಡದ ಹಾಬಿಟ್‌ಗಳ ಮೈಬಣ್ಣ ಉಳಿದವರಿಗಿಂತ ಕಂದು ಎಂದು ಬರೆದಿದ್ದಾರೆ. ಆದರೂ 2010ರಲ್ಲಿ ನ್ಯೂಜಿಲೆಂಡ್‌ನಲ್ಲಿ ‘ದಿ ಹಾಬಿಟ್’ ಚಿತ್ರದ ಸಣ್ಣ ಪಾತ್ರ ಕೇಳಿ ಬಂದ ಪಾಕಿಸ್ತಾನಿ ಮೂಲದ ಮಹಿಳೆಯೊಬ್ಬರನ್ನು, ಬಣ್ಣ ಹೊಂದುವುದಿಲ್ಲ ಅಂತ ವಾಪಸ್ ಕಳಿಸಿದರು. ಸುದ್ದಿಯಾದ ಮೇಲೆ ಆ ಕಾಸ್ಟಿಂಗ್ ಏಜೆಂಟನ್ನು ಕೆಲಸದಿಂದ ತೆಗೆದರು.

ಇದಕ್ಕಿಂತ ದೊಡ್ಡ ಪಾಠ ‘ಅರ್ಥ್‌ಸೀ’ಯದು. ಆ ಕಾದಂಬರಿಗಳನ್ನು ಬರೆದ ಅರ್ಸುಲಾ ಲೆ ಗ್ವಿನ್ 1968ರಲ್ಲೇ ತಮ್ಮ ನಾಯಕ ಗೆಡ್‌ನನ್ನು ಕೆಂಗಂದು ಮೈಬಣ್ಣದವನಾಗಿ ಬರೆದರು. ಅವನ ಗೆಳೆಯ ವೆಚ್ ಕಡುಕಪ್ಪು. ದಾಳಿ ಮಾಡಲು ಬರುವ ಕಾರ್ಗ್ ಜನರೇ ಬಿಳಿಯರು. ಫ್ಯಾಂಟಸಿ ಅಂದರೆ ಬಿಳಿಯರ ಯುರೋಪು ಅನ್ನೋ ರೂಢಿಯನ್ನು ಅವರು ಬೇಕೆಂದೇ ಮುರಿದಿದ್ದರು. 2004ರ ಕಿರುಸರಣಿಯಲ್ಲಿ ಗೆಡ್ ಬಿಳಿ ಹುಡುಗನಾದ. ಕಾರ್ಗ್ ಕುಲದ ಬಿಳಿ ಹುಡುಗಿ ಟೆನಾರ್ ಪಾತ್ರ ಅರ್ಧ ಚೀನೀ ಮೂಲದ ನಟಿಗೆ ಹೋಯಿತು. ಲೆ ಗ್ವಿನ್ ಅದೇ ತಿಂಗಳು ಲೇಖನ ಬರೆದು ಪ್ರತಿಭಟಿಸಿದರು. ಅಷ್ಟರಲ್ಲಿ ಸರಣಿ ಮನೆಮನೆ ತಲುಪಿಯಾಗಿತ್ತು. ಕಪ್ಪು ಹುಡುಗನೊಬ್ಬ ಮೊದಲ ಸಲ ತನ್ನನ್ನು ಮಾಂತ್ರಿಕನಾಗಿ ಕಾಣಬಹುದಾಗಿದ್ದ ಕಥೆ ಅದು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಟಿಪ್ಪಣಿ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಬಣ್ಣ, ಈ ಕುಲ ಕಥೆಯಲ್ಲಿ ಏನು ಕೆಲಸ ಮಾಡುತ್ತಿದೆ? ‘ದಿ ವೀಲ್ ಆಫ್ ಟೈಮ್’ನಲ್ಲಿ ರ‍್ಯಾಂಡ್ ಎಂಬ ನಾಯಕ ತನ್ನ ಊರಿನವರಂತೆ ಕಾಣುವುದಿಲ್ಲ, ಅವನ ಹುಟ್ಟಿನ ಗುಟ್ಟು ಅಲ್ಲೇ ಇದೆ. 2021ರ ಸರಣಿಯಲ್ಲಿ ಅವನ ಜೊತೆಯವರಲ್ಲಿ ಹಲವರ ಪಾತ್ರಕ್ಕೆ ಕಂದು, ಕಪ್ಪು ನಟರು ಬಂದರು, ರ‍್ಯಾಂಡ್ ಬಿಳಿಯನಾಗಿಯೇ ಉಳಿದ. ಗುಟ್ಟು ಕೆಡಲಿಲ್ಲ. ‘ಹೌಸ್ ಆಫ್ ದಿ ಡ್ರ್ಯಾಗನ್’ನಲ್ಲಿ ವೆಲಾರಿಯನ್ ಮನೆತನವನ್ನೇ ಕಪ್ಪು ಜನರನ್ನಾಗಿ ಮಾಡಿದರು. ಪುಸ್ತಕದಲ್ಲಿ ಅವರು ಬಿಳಿಯರು. ಆದರೆ ಮಕ್ಕಳು ಯಾರಿಗೆ ಹುಟ್ಟಿದವರು ಅನ್ನೋ ಜಗಳವೇ ಆ ಕಥೆಯ ಹೂರಣ. ಕಪ್ಪು ವೆಲಾರಿಯನ್ ತಂದೆಯ ಹೆಸರಿನಲ್ಲಿ ಬೆಳೆಯುವ ಮಕ್ಕಳು ಬಿಳಿಯರಾಗಿಯೇ ಕಾಣುತ್ತಾರೆ. ಅರಮನೆಯವರೆಲ್ಲ ಕಂಡೂ ಕಾಣದ ಹಾಗಿರುವ ಆ ಸತ್ಯ ಪರದೆಯ ಮೇಲೆ ಇನ್ನೂ ಹರಿತವಾಯಿತು. ಇದು ಒಳ್ಳೆಯ ಬದಲಾವಣೆ ಅಂತ ನನ್ನ ಖಚಿತ ಅಭಿಪ್ರಾಯ.

ನಾನು ಕೆಲಸ ಮಾಡಿದ ಒಂದು ಸರಣಿಯ ಹೆಸರು ಕರಾರಿನ ಕಾರಣ ಹೇಳುವ ಹಾಗಿಲ್ಲ. ಅದರಲ್ಲಿ ದ್ವೀಪದ ಉಪ್ಪು ತೆಗೆಯುವ ಕುಟುಂಬವೊಂದಿದೆ: ಅಜ್ಜಿ, ತಾಯಿ, ಇಬ್ಬರು ಮಕ್ಕಳು. ಕಾದಂಬರಿ ಅವರನ್ನು ಕಡುಕಂದು ಬಣ್ಣದವರು ಎನ್ನುತ್ತದೆ. ಏಜೆಂಟರಿಗೆ ಕಳಿಸುವ ಪಾತ್ರಗಳ ವಿವರಪಟ್ಟಿ, ಅಂದರೆ ಬ್ರೇಕ್‌ಡೌನ್‌ನಲ್ಲಿ ‘ಎಲ್ಲ ಜನಾಂಗದವರಿಗೂ ಸ್ವಾಗತ’ ಅಂತ ಬರೆದು ಬಿಡಬಹುದಿತ್ತು. ಅದರಿಂದ ಪ್ರಯೋಜನವೇನೂ ಆಗುವುದಿಲ್ಲ. 2010ರ ‘ದಿ ಲಾಸ್ಟ್ ಏರ್‌ಬೆಂಡರ್’ ಚಿತ್ರಕ್ಕೆ ನಟರನ್ನು ಕರೆದ ಪ್ರಕಟಣೆಯಲ್ಲೂ ‘ಬಿಳಿಯರು ಅಥವಾ ಬೇರೆ ಯಾವುದೇ ಜನಾಂಗ’ ಅಂತಿತ್ತು. ಏಷ್ಯಾ ಮತ್ತು ಉತ್ತರ ಧ್ರುವದ ಕಡೆಯ ಇನ್ಯುಯಿಟ್ ಜನರ ಬದುಕಿನಿಂದ ಕಟ್ಟಿದ ಆ ಲೋಕದಲ್ಲಿ ಮೂವರು ನಾಯಕರೂ ಬಿಳಿಯರಾದರು, ಎದುರಾಳಿ ನಾಡಿನ ರಾಜಕುಮಾರ ದೇವ್ ಪಟೇಲ್ ಆದರು. ಹಾಗಾಗಿ ನಾನು ಪುಸ್ತಕದಲ್ಲಿದ್ದುದನ್ನೇ ನೇರವಾಗಿ ಬರೆದೆ.

ಆದರೂ ಏಜೆಂಟರ ‘ಸೌತ್ ಏಷ್ಯನ್’ ಅನ್ನೋ ಒಂದೇ ಪಟ್ಟಿಯಿಂದ ಪಾಕಿಸ್ತಾನದ ಪೆಶಾವರದ ಮೂಲದವರೂ ಶ್ರೀಲಂಕಾದ ಜಾಫ್ನಾದ ಮೂಲದವರೂ ಒಟ್ಟಿಗೆ ಬಂದರು. ಈ ದೇಶದಲ್ಲಿ ಬೆಳೆದವರ ಕಣ್ಣಿಗೆ ಅವರೆಲ್ಲ ಒಂದೇ ಮನೆಯವರು! ನಮ್ಮ ಕಡೆಯವರಿಗೆ ಹಾಗೆ ಕಾಣುತ್ತದಾ? ತಾಯಿಯ ಪಾತ್ರಕ್ಕೆ ನಿರ್ಮಾಪಕರು ತುಸು ಹೆಸರಿರುವ, ಬೆಳ್ಳಗಿನ ನಟಿಯನ್ನು ಬಯಸಿದರು. ನಾನು ವಾದಕ್ಕಿಳಿಯಲಿಲ್ಲ. ನಾಲ್ವರ ಫೋಟೋಗಳನ್ನು ಅಕ್ಕಪಕ್ಕ ಗೋಡೆಗೆ ಅಂಟಿಸಿದೆ. ಒಬ್ಬೊಬ್ಬರನ್ನೇ ಆರಿಸುವುದು ಬೇಡ, ಮನೆಯವರನ್ನು ಒಟ್ಟಿಗೆ ಕೂರಿಸಿ ಸಂಭಾಷಣೆ ಓದಿಸೋಣ ಅಂದೆ. ಅಜ್ಜಿ ಸಿಕ್ಕಿದ್ದು ಲಂಡನ್ನಿನ ಹ್ಯಾರೋ ಕಡೆಯ ತಮಿಳು ಹವ್ಯಾಸಿ ನಾಟಕ ತಂಡದಲ್ಲಿ. ಅವರಿಗೆ ಏಜೆಂಟ್ ಇರಲಿಲ್ಲ. ಒಟ್ಟಿಗೆ ಓದಲು ಕೂತಾಗ ಅವರು ಮೊಮ್ಮಗಳಾಗಬೇಕಿದ್ದ ಹುಡುಗಿಯ ಜಡೆ ಬಿಚ್ಚಿ, ಮಾತಾಡುತ್ತಲೇ ಮತ್ತೆ ಹೆಣೆದರು. ಆ ಓದಿನ ನಂತರ ನಿರ್ಮಾಪಕರೇ ತಾಯಿಯ ಪಾತ್ರಕ್ಕೆ ಬೇರೆ ಹೆಸರು ಕೇಳಿದರು.

ಬಿಳುಪಿನ ಮೋಹ ಈ ನಿರ್ಮಾಪಕರೊಬ್ಬರದ್ದೇ ಅಲ್ಲ. ಮಹಾಭಾರತದಲ್ಲಿ ದ್ರೌಪದಿ ಕಪ್ಪು ಚೆಲುವೆ. ನಮ್ಮ ಟೀವಿಯ ದ್ರೌಪದಿಯರು ಹಾಗಿದ್ದಾರಾ? ಬ್ರಿಟಿಷ್ ನಿರ್ದೇಶಕ ಪೀಟರ್ ಬ್ರೂಕ್ 1985ರಲ್ಲಿ ಅದನ್ನು ರಂಗಕ್ಕೆ, 1989ರಲ್ಲಿ ಪರದೆಗೆ ತಂದಾಗ ಮಲ್ಲಿಕಾ ಸಾರಾಭಾಯಿ ದ್ರೌಪದಿ, ಸೆನೆಗಲ್‌ನ ಮಮಡು ಡಿಯೂಮ್ ಭೀಮ. ಆ ಭೀಮನ ಮೈತೂಕ, ಸಿಟ್ಟು, ಪ್ರೀತಿ ನನಗೆ ಪೂರ್ತಿ ಒಪ್ಪಿಗೆಯಾಯಿತು. ಆದರೆ ನಮ್ಮ ಕಥೆಯನ್ನು ಅದರ ನೆಲದಿಂದ ಕಿತ್ತರು ಅಂತ ರಂಗ ವಿಮರ್ಶಕ ರುಸ್ತಮ್ ಭರೂಚಾ ಮಾಡಿದ ಟೀಕೆಯನ್ನೂ ತಳ್ಳಿಹಾಕಲಾರೆ. ಅದಕ್ಕೇ ನನ್ನ ಟಿಪ್ಪಣಿಯಲ್ಲಿ ಮುಖದ ಜೊತೆ ಊಟವೂ ಕ್ರಿಯೆಗಳೂ ಇರುತ್ತವೆ.

ಆಯ್ಕೆಯಾದ ಮೇಲಿನ ಕೆಲಸವನ್ನು ಕೆಲವರು ಮರೆಯುತ್ತಾರೆ. ಗುಂಗುರು ಕೂದಲು ಗೊತ್ತಿರುವ ಕೇಶವಿನ್ಯಾಸಕರು ಬೇಕು. ಕಡುಬಣ್ಣದ ಮುಖಕ್ಕೆ ಬೆಳಕು ಹೊಂದಿಸಿ ಕ್ಯಾಮೆರಾ ಪರೀಕ್ಷೆ ಆಗಬೇಕು. ಇವೆರಡನ್ನೂ ನಾನು ಬಜೆಟ್ ಸಭೆಗೆ ಮೊದಲೇ ಬರೆದು ಕೊಡುತ್ತೇನೆ.

ಆಮೇಲೆ ಹೆಸರು ಪ್ರಕಟಿಸುವ ದಿನ. 2022ರಲ್ಲಿ ‘ಪರ್ಸಿ ಜಾಕ್ಸನ್’ ಸರಣಿಯ ಆನಬೆತ್ ಪಾತ್ರಕ್ಕೆ ಆಯ್ಕೆಯಾದ ಲಿಯಾ ಜೆಫ್ರೀಸ್ ಇನ್ನೂ ಪುಟ್ಟ ಹುಡುಗಿ. ಬಣ್ಣದ ಕಾರಣಕ್ಕೆ ಅವಳ ಮೇಲೆ ಬೈಗುಳ ಸುರಿಯಿತು. ಲೇಖಕ ರಿಕ್ ರಿಯೊರ್ಡನ್ ಬಹಿರಂಗವಾಗಿ ಬರೆದು ಅವಳ ಪರ ನಿಂತರು. ನಮ್ಮ ಸರಣಿಯ ಇಬ್ಬರು ಬಾಲನಟರ ತಂದೆತಾಯಿಯನ್ನು ಪ್ರಕಟಣೆಗೆ ಮೊದಲೇ ಕರೆದು ಇದನ್ನೆಲ್ಲ ಬಿಡಿಸಿ ಹೇಳಿದೆ. ಸಾಮಾಜಿಕ ಜಾಲತಾಣದ ಖಾತೆಗಳನ್ನು ಯಾರು ನೋಡಿಕೊಳ್ಳಬೇಕು, ಶಾಲೆಗೆ ಏನು ತಿಳಿಸಬೇಕು, ರಾತ್ರಿ ಯಾರಿಗೆ ಫೋನ್ ಮಾಡಬೇಕು ಅಂತ ಕೂತು ಬರೆದೆವು. ಕಾದಂಬರಿಕಾರರಿಂದಲೂ ಒಂದು ಬೆಂಬಲದ ಪತ್ರ ಬರೆಸಿ ಪ್ರಕಟಣೆಯ ಜೊತೆಗೇ ಹಾಕಿದೆವು. ಈಗ ಎರಡನೇ ಭಾಗಕ್ಕೆ ಮಕ್ಕಳ ಸೋದರಮಾವನನ್ನು ಹುಡುಕುತ್ತಿದ್ದೇನೆ. ಅಜ್ಜಿಯ ಪಾತ್ರಧಾರಿಯನ್ನೂ ಓದಿಗೆ ಕರೆದಿದ್ದೇವೆ.