ಸೈಕಲ್ಲಿನ ಪೈಪಿನೊಳಗೆ ಉರುಳುತ್ತಿದ್ದ ಗುಂಡು

ಇಪ್ಪತ್ತೆರಡು ವರ್ಷಗಳಿಂದ ದಾವಣಗೆರೆಯಲ್ಲಿ ಮನೆಮನೆಗೆ ಪತ್ರಿಕೆ ಹಾಕುತ್ತಿದ್ದೇನೆ. ಬೆಳಗಿನ ಜಾವ ನಾಲ್ಕೂವರೆಗೆ ರಾಂ ಅಂಡ್ ಕೋ ವೃತ್ತದ ಬಳಿ ಕಟ್ಟು ಬಿಚ್ಚಿ, ಪುರವಣಿ ಸೇರಿಸಿ, ಎಂ.ಸಿ.ಸಿ. ಬ್ಲಾಕು, ವಿದ್ಯಾನಗರ, ನಿಟುವಳ್ಳಿ ಸುತ್ತಿ ಮನೆ ಸೇರುವಾಗ ಏಳು ದಾಟಿರುತ್ತದೆ. ಆ ಹೊತ್ತಿನಲ್ಲಿ ಬೀದಿಗಳು ಎಷ್ಟು ನಿಶ್ಶಬ್ದವಾಗಿರುತ್ತವೆ ಎಂದರೆ, ಚೈನಿಗೆ ಎಣ್ಣೆ ಕಡಿಮೆಯಾದರೂ ಕಿವಿಗೆ ಗೊತ್ತಾಗುತ್ತದೆ. ಹಾಗಾಗಿ ಸೈಕಲ್ಲಿನಲ್ಲಿ ಹೊಸ ಸದ್ದು ಹುಟ್ಟಿದ ದಿನವೇ ನನಗೆ ತಿಳಿಯಿತು. ರಸ್ತೆಯುಬ್ಬು ದಾಟಿದಾಗಲೆಲ್ಲ ಕಾಲಿನ ಬಳಿ ಒಂದು ಟಣ್, ಅದರ ಬೆನ್ನಿಗೇ ಮೇಲೆಲ್ಲೋ ಸಣ್ಣಗೆ ಚಿರ್ ಎಂಬ ಇನ್ನೊಂದು ಸದ್ದು.

ನನ್ನದು 22 ಇಂಚಿನ ಹಳೆಯ ಮಾದರಿಯ ಸೈಕಲ್ಲು. ರಾಡ್ ಬ್ರೇಕು, ದಪ್ಪ ಕ್ಯಾರಿಯರ್, ಕಬ್ಬಿಣದ ಫ್ರೇಮು. ಒಂದು ತಿಂಗಳ ಹಿಂದಷ್ಟೇ ಒಂದು ಅಂಗಡಿಯಲ್ಲಿ ಓವರಾಯಿಲಿಂಗ್ ಮಾಡಿಸಿದ್ದೆ. ವಿದ್ಯಾನಗರದ ಅಜ್ಜಿಯೊಬ್ಬರು, "ಏನಪ್ಪಾ, ಈಗ ನೀನು ಬೆಲ್ ಹೊಡೆಯುವುದೇ ಬೇಡ, ತಿರುವಿನಲ್ಲಿರುವಾಗಲೇ ಪೇಪರ್ ಬಂತು ಎಂದು ಗೊತ್ತಾಗುತ್ತದೆ" ಎಂದರು. ಅವರು ಅಕ್ಕರೆಯಿಂದಲೇ ಹೇಳಿದ್ದು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ನಮ್ಮ ಮನೆ ನಡೆಯುವುದು ಈ ಸೈಕಲ್ಲಿನ ಮೇಲೆ.

ಮೊದಲು ಹೊರಗಿನದನ್ನೆಲ್ಲ ತಪಾಸಣೆ ಮಾಡಿದೆ. ಮಡ್‌ಗಾರ್ಡಿನ ಕಡ್ಡಿಗಳು, ಚೈನ್ ಕವರ್, ಸ್ಟ್ಯಾಂಡಿನ ಸ್ಪ್ರಿಂಗು, ಬೆಲ್ಲಿನ ಬಟ್ಟಲು, ಬ್ರೇಕಿನ ರಾಡುಗಳು. ಒಂದೊಂದನ್ನೂ ಕೈಯಲ್ಲಿ ಒತ್ತಿ ಹಿಡಿದು, ಮಗನಿಗೆ ಹಿಂದಿನ ಚಕ್ರವನ್ನು ಗೇಣುದ್ದ ಎತ್ತಿ ಬಿಡಲು ಹೇಳಿದೆ. ಯಾವುದನ್ನು ಹಿಡಿದರೂ ಸದ್ದು ನಿಲ್ಲಲಿಲ್ಲ.

ನಮ್ಮ ದೊಡ್ಡಪ್ಪ ಇಲ್ಲಿನ ಹತ್ತಿಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ಅದು. ಯಂತ್ರದ ಯಾವ ಬೇರಿಂಗ್ ಕೆಟ್ಟಿದೆ ಎಂದು ತಿಳಿಯಲು ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ತಾಗಿಸಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿಕೊಳ್ಳುತ್ತಿದ್ದರು. ನಾನೂ ಹಾಗೆಯೇ ಮಾಡಿದೆ. ತುದಿಯನ್ನು ಒಂದೊಂದು ಪೈಪಿಗೂ ತಾಗಿಸುತ್ತಾ ಹೋದಂತೆ ಒಂದು ಸದ್ದು ಎರಡಾಗಿ ಬೇರೆಯಾಯಿತು.

ಹಿಂದಿನ ಚಕ್ರವನ್ನು ಸ್ವಲ್ಪ ಎತ್ತಿದರೂ ಸಾಕು, ಮೇಲಿನ ಅಡ್ಡ ಬಾರಿನೊಳಗೆ ಹಗುರವಾದ ಚೂರೊಂದು ಮುಂದಕ್ಕೆ ಜಾರುತ್ತಿತ್ತು. ಇಳಿಸಿ ಮುಂದಿನ ಚಕ್ರ ಎತ್ತಿದರೆ ಹಿಂದಕ್ಕೆ. ಬಾರು ನೆಲಕ್ಕೆ ಸಮವಾಗಿರುವುದರಿಂದ ಅದಕ್ಕೆ ಅಷ್ಟು ಇಳಿಜಾರು ಸಾಕು. ಆದರೆ ಹಿಂಭಾಗವನ್ನು ಎದೆಯೆತ್ತರಕ್ಕೆ ಎತ್ತಿದಾಗ ಮಾತ್ರ ಇನ್ನೊಂದು ವಸ್ತು ಹ್ಯಾಂಡಲ್ಲಿನಿಂದ ಪೆಡಲಿಗೆ ಬರುವ ಓರೆ ಪೈಪಿನೊಳಗೆ ಗಡಗಡ ಉರುಳಿ ಹ್ಯಾಂಡಲ್ಲಿನ ಕಡೆ ಟಕ್ ಎಂದು ನಿಲ್ಲುತ್ತಿತ್ತು. ಸೈಕಲ್ ಇಳಿಸಿದ ಕೂಡಲೇ ಮರಳಿ ಪೆಡಲಿನ ಬುಡಕ್ಕೆ. ಇದು ತೂಕದ್ದು, ದುಂಡಗಿನದು. ಚೂರು ಜಾರುತ್ತದೆ, ಗುಂಡು ಉರುಳುತ್ತದೆ. ಎರಡೂ ಸದ್ದುಗಳು ಬೇರೆ ಬೇರೆ.

ಪೆಡಲಿನ ಆಕ್ಸಲ್ ಕೂರುವ ಡಬ್ಬಿಗೆ, ಅಂದರೆ ಬಿ.ಬಿ. ಶೆಲ್ಲಿಗೆ, ಓರೆ ಪೈಪು ಮತ್ತು ಸೀಟಿನ ಪೈಪು ಎರಡೂ ಬಾಯಿ ತೆರೆದುಕೊಂಡಿರುತ್ತವೆ. ಬೇರಿಂಗಿನ ಗುಂಡು ತಾನು ಕೂರುವ ಬಟ್ಟಲಿನಿಂದ, ಅಂದರೆ ಕಪ್ಪಿನಿಂದ, ಜಾರಿದರೆ ನೇರವಾಗಿ ಅಲ್ಲಿಗೇ ಬೀಳುತ್ತದೆ. ಆಮೇಲೆ ಪಂಕ್ಚರ್ ಹಾಕಲು ಸೈಕಲ್ಲನ್ನು ತಲೆಕೆಳಗು ಮಾಡಿದಾಗ ಪೈಪಿನೊಳಗೆ ಓಡುತ್ತದೆ, ನೆಟ್ಟಗೆ ನಿಲ್ಲಿಸಿದಾಗ ವಾಪಸು ಬರುತ್ತದೆ. ನನ್ನ ಆತಂಕಕ್ಕೆ ಕಾರಣ ಇದೇ. ತಿರುಗುವ ಆಕ್ಸಲ್ಲಿನ ಪಕ್ಕದಲ್ಲಿ ಕಾಲು ಇಂಚಿನ ಉಕ್ಕಿನ ಗುಂಡೊಂದು ಅಲೆದಾಡುತ್ತಿದ್ದರೆ, ಒಂದು ದಿನ ಅದು ಬೇರಿಂಗಿನ ಬಾಯಿಗೆ ಸಿಕ್ಕಿ ಕಪ್ಪು, ಆಕ್ಸಲ್ಲಿನ ಮೇಲೆ ಗುಂಡುಗಳು ಉರುಳುವ ಜಾಗವಾದ ಕೋನು ಎರಡನ್ನೂ ಕೆಡಿಸಬಹುದು. ಅಷ್ಟೇ ಅಲ್ಲ, ಅದು ಎಲ್ಲಿಂದ ಬಂತೋ ಅಲ್ಲಿ ಒಂದು ಗುಂಡು ಕಡಿಮೆಯಾಗಿದೆ ಎಂದರ್ಥ.

ಕಂಡವರೆಲ್ಲ ಸಲಹೆ ಕೊಟ್ಟರು. ಸೀಟಿನ ಪೈಪಿನಿಂದ ಬಟ್ಟೆ ತುರುಕು ಎಂದರು ಒಬ್ಬರು. ಬಾಗಿಲ ಚೌಕಟ್ಟಿನ ಸಂದಿಗೆ ತುಂಬುವ, ಉಬ್ಬಿ ಗಟ್ಟಿಯಾಗುವ ನೊರೆಯನ್ನು ಹೊಡೆಸು ಎಂದರು ಇನ್ನೊಬ್ಬರು. ಎರಡನ್ನೂ ನಾನು ಒಪ್ಪುವುದಿಲ್ಲ. ಮಳೆಯ ನೀರು ಸೀಟಿನ ಪೈಪಿನ ಸಂದಿಯಿಂದ ಒಳಗೆ ಇಳಿದೇ ಇಳಿಯುತ್ತದೆ. ಪೈಪು ಖಾಲಿಯಿದ್ದರೆ ಅದು ಹರಿದು ಆರಿಹೋಗುತ್ತದೆ. ಬಟ್ಟೆ, ನೊರೆ ಇದ್ದರೆ ಅಲ್ಲೇ ಕೂತು ಕಬ್ಬಿಣವನ್ನು ತಿನ್ನುತ್ತದೆ. ಸದ್ದು ನಿಂತಿತು ಎಂದು ನಾವು ನೆಮ್ಮದಿಯಾಗಿರುವಾಗ ಒಳಗಿನಿಂದ ತುಕ್ಕು ಹಿಡಿದಿರುತ್ತದೆ. ಹೊರಗಿನಿಂದ ಅಯಸ್ಕಾಂತ ಹಿಡಿದು ಗುಂಡನ್ನು ಎಳೆದು ತರುವ ಉಪಾಯವೂ ಕಬ್ಬಿಣದ ಫ್ರೇಮಿಗೆ ನಡೆಯುವುದಿಲ್ಲ. ಹಳೆಯ ಸ್ಪೀಕರಿನ ಅಯಸ್ಕಾಂತ ಹಿಡಿದು ನೋಡಿದೆ; ಅದು ಪೈಪಿಗೇ ಕಚ್ಚಿಕೊಂಡಿತು, ಒಳಗಿನ ಗುಂಡಿಗೆ ಅದರ ಸೆಳೆತ ತಲುಪಲಿಲ್ಲ. ಅಲ್ಯೂಮಿನಿಯಂ ಫ್ರೇಮಾಗಿದ್ದರೆ ಈ ಉಪಾಯ ಫಲಿಸುತ್ತದೆ.

ಯುಗಾದಿಯ ಮರುದಿನ ಪತ್ರಿಕೆ ಇರುವುದಿಲ್ಲ. ವರ್ಷದಲ್ಲಿ ಸಿಗುವ ಕೆಲವೇ ಬಿಡುವುಗಳಲ್ಲಿ ಅದೊಂದು. ಹಬ್ಬಕ್ಕೆ ಮೊದಲೇ ಮಂಡಿಪೇಟೆಗೆ ಹೋಗಿ ಕಾಲು ಇಂಚಿನ ಗುಂಡುಗಳು, ಪೆಡಲಿನ ತೋಳನ್ನು, ಅಂದರೆ ಕ್ರ್ಯಾಂಕನ್ನು, ಆಕ್ಸಲ್ಲಿಗೆ ಬಿಗಿಯುವ ಎರಡು ಕಾಟರ್ ಪಿನ್ನು, ಒಂದು ಡಬ್ಬಿ ಗ್ರೀಸು ತಂದಿಟ್ಟಿದ್ದೆ. ಬೆಳಿಗ್ಗೆ ಅಂಗಳದಲ್ಲಿ ಕೂತೆವು, ನಾನು ಮತ್ತು ಮಗ.

ಕಾಟರ್ ಪಿನ್ನು ಬಿಡಿಸುವಾಗ ಆತುರ ಸಲ್ಲದು. ನಟ್ಟನ್ನು ಪೂರ್ತಿ ತೆಗೆಯದೆ, ಪಿನ್ನಿನ ತುದಿಗೆ ಸಮ ಬರುವಷ್ಟು ಮಾತ್ರ ಸಡಿಲಿಸಿದೆ. ಪೆಟ್ಟು ಬಿದ್ದಾಗ ಪಿನ್ನಿನ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಕೆಡದಿರಲಿ ಎಂದು. ಕ್ರ್ಯಾಂಕಿನ ಕೆಳಗೆ ಒಂದು ದಪ್ಪ ಪೈಪಿನ ತುಂಡನ್ನು ನೆಲಕ್ಕೆ ಊರಿ ಆಸರೆ ಕೊಟ್ಟು, ಒಂದೇ ಗಟ್ಟಿ ಪೆಟ್ಟು ಹೊಡೆದೆ. ಆಸರೆಯಿಲ್ಲದೆ ಹೊಡೆದರೆ ಪೆಟ್ಟೆಲ್ಲ ಬೇರಿಂಗಿಗೆ ಬೀಳುತ್ತದೆ, ಪಿನ್ನು ಬಾಗುತ್ತದೆಯೇ ಹೊರತು ಬರುವುದಿಲ್ಲ.

ಎರಡೂ ಕ್ರ್ಯಾಂಕು ಕಳಚಿದ ಮೇಲೆ ಸೈಕಲ್ಲನ್ನು ಎರಡು ಸ್ಟೂಲುಗಳ ಮೇಲೆ ಎಡಮಗ್ಗುಲಾಗಿ ಮಲಗಿಸಿದೆವು. ಬಿಚ್ಚಬೇಕಾದದ್ದು ಎಡಗಡೆಯ ಕಪ್ಪು. ಅದು ಕೆಳಗಿದ್ದರೆ ಬಟ್ಟಲಿನ ಹಾಗೆ ಗುಂಡುಗಳನ್ನು ತನ್ನಲ್ಲೇ ಇಟ್ಟುಕೊಂಡು ಇಳಿಯುತ್ತದೆ. ಮೇಲಿದ್ದರೆ ಗುಂಡುಗಳೆಲ್ಲ ಶೆಲ್ಲಿನೊಳಗೆ ಉದುರುತ್ತವೆ. ಬಲಗಡೆಯ ಕಪ್ಪನ್ನು ಮುಟ್ಟಲೇ ಇಲ್ಲ. ಅದರ ಮರೆ ಉಲ್ಟಾ ಇರುತ್ತದೆ, ಗೊತ್ತಿಲ್ಲದೆ ಎಡಕ್ಕೆ ತಿರುಗಿಸಿದರೆ ಇನ್ನಷ್ಟು ಬಿಗಿಯಾಗುತ್ತದೆ. ಈ ಕೆಲಸಕ್ಕೆ ಅದನ್ನು ಬಿಚ್ಚುವ ಅಗತ್ಯವೂ ಇಲ್ಲ.

ಮಗ ಮೇಲಿನಿಂದ ಆಕ್ಸಲ್ಲನ್ನು ಎತ್ತಿ ಹಿಡಿದ. ನಾನು ಕಪ್ಪನ್ನು ಬಿಗಿಹಿಡಿಯುವ ಲಾಕ್ ರಿಂಗು ಸಡಿಲಿಸಿ ಕಪ್ಪನ್ನು ನಿಧಾನವಾಗಿ ತಿರುಗಿಸಿ ಇಳಿಸಿದೆ. ಕಪ್ಪಾದ ಗ್ರೀಸಿನಲ್ಲಿ ಹುದುಗಿ ಕೂತಿದ್ದವು ಗುಂಡುಗಳು, ಸರಿಯಾಗಿ ಹನ್ನೊಂದು. ಆಮೇಲೆ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಸುರುಳಿ ಸುತ್ತಿ ಶೆಲ್ಲಿನೊಳಗೆ ತೂರಿಸಿದೆ. ಸುರುಳಿ ಬಿಚ್ಚಿಕೊಂಡು ಒಳಗೋಡೆಗೆ ಒತ್ತಿ ನಿಂತು ಪೈಪುಗಳ ಬಾಯಿಗಳನ್ನು ಮುಚ್ಚಿತು. ಆಗ ಆಕ್ಸಲ್ ಬಿಡಲು ಹೇಳಿದೆ. ಬಲಗಡೆಯ ಗುಂಡುಗಳು ಹಾಳೆಯ ಕೊಳವೆಯೊಳಗಿಂದ ಕೆಳಗಿನ ಸ್ಟೀಲ್ ತಟ್ಟೆಗೆ ಪಟಪಟ ಉದುರಿದವು. ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಮಗ ಎಣಿಸಿದ. ಹತ್ತು. ಮತ್ತೊಮ್ಮೆ ಎಣಿಸಿದ. ಹತ್ತೇ.

ಹಾಳೆ ತೆಗೆದು ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ, ತಟ್ಟೆಯನ್ನು ಶೆಲ್ಲಿನ ಪಕ್ಕಕ್ಕೆ ಹಿಡಿದು ಓರೆ ಪೈಪನ್ನು ಮರದ ತುಂಡಿನಿಂದ ತಟ್ಟುತ್ತಾ ಬಂದೆ. ಮೊದಲು ತುಕ್ಕಿನ ಪುಡಿ ಬಂತು, ಆಮೇಲೆ ಒಂದಿಷ್ಟು ಒಣ ಮಣ್ಣು, ಕೊನೆಗೆ ಗಡಗಡ ಇಳಿದು ಅದು ಶೆಲ್ಲಿನ ತಳದಲ್ಲಿ ನಿಂತಿತು. ಬೆರಳಿನಿಂದ ತಳ್ಳಿ ತಟ್ಟೆಗೆ ಹಾಕಿಕೊಂಡೆ. ಹನ್ನೊಂದನೆಯ ಗುಂಡು. ಮಿಕ್ಕವು ಮಾಸಿದ ಬೆಳ್ಳಿಯ ಬಣ್ಣದವು. ಇದರ ಅರ್ಧ ಮೈ ಮಾತ್ರ ಕಂದುಗಟ್ಟಿತ್ತು. ಗ್ರೀಸಿಲ್ಲದೆ ಒಂದು ತಿಂಗಳು ತೇವದಲ್ಲಿ ಇದ್ದದ್ದರ ಗುರುತು ಅದು. ಬಲಗಡೆಯ ಕೋನಿನ ಮೇಲೆ ಉಗುರು ಎಳೆದು ನೋಡಿದೆ. ಉಗುರು ಎಲ್ಲಿಯೂ ತಡೆಯಲಿಲ್ಲ, ಕುಳಿ ಬಿದ್ದಿರಲಿಲ್ಲ. ಇನ್ನೂ ಕೆಲವು ತಿಂಗಳು ಕಳೆದಿದ್ದರೆ ಆಕ್ಸಲ್ಲನ್ನೇ ಬದಲಾಯಿಸಬೇಕಾಗುತ್ತಿತ್ತು.

ಹಳೆಯ ಗುಂಡುಗಳನ್ನು ಮತ್ತೆ ಹಾಕಲಿಲ್ಲ. ಸವೆದವುಗಳ ನಡುವೆ ಒಂದೆರಡು ಹೊಸತನ್ನು ಸೇರಿಸಿದರೆ ಭಾರವೆಲ್ಲ ಆ ಹೊಸವುಗಳ ಮೇಲೆಯೇ ಬೀಳುತ್ತದೆ. ಇಪ್ಪತ್ತೆರಡನ್ನೂ ಹೊಸದಾಗಿ ಹಾಕಿದೆ. ಈ ಸಲ ಸೈಕಲ್ಲನ್ನು ಬಲಮಗ್ಗುಲಾಗಿ ಮಲಗಿಸಿದೆವು, ಬಲಗಡೆಯ ಕಪ್ಪು ಬಟ್ಟಲಾಗಲಿ ಎಂದು. ಕಪ್ಪಿನ ತುಂಬ ಗ್ರೀಸು ಸವರಿ, ಊದಿನಕಡ್ಡಿಯ ತುದಿಗೆ ಒಂದೊಂದೇ ಗುಂಡು ಅಂಟಿಸಿಕೊಂಡು ಇಳಿಸಿದೆ. ಹನ್ನೊಂದು ಕೂತ ಮೇಲೆ ಸ್ವಲ್ಪ ಸಂದಿ ಉಳಿಯುತ್ತದೆ, ಉಳಿಯಬೇಕು. ಅಲ್ಲಿಗೆ ಹನ್ನೆರಡನೆಯದನ್ನು ತುರುಕಬಾರದು. ತಂಪುಪಾನೀಯದ ಬಾಟಲಿಯಿಂದ ಕತ್ತರಿಸಿದ ಪ್ಲಾಸ್ಟಿಕ್ ಪಟ್ಟಿಯನ್ನು ಶೆಲ್ಲಿನೊಳಗೆ ಸುತ್ತಿಟ್ಟು ಆಕ್ಸಲ್ ಇಳಿಸಿದೆ. ಪೈಪಿನಿಂದ ಉದುರುವ ತುಕ್ಕು ಇನ್ನು ಬೇರಿಂಗಿಗೆ ಬರುವುದಿಲ್ಲ. ಕಾಟರ್ ಪಿನ್ನುಗಳನ್ನು ಒಂದಕ್ಕೊಂದು ಎದುರು ದಿಕ್ಕಿನಿಂದ ಹೊಡೆದೆ. ಹಾಗೆ ಮಾಡದಿದ್ದರೆ ಎರಡು ಕ್ರ್ಯಾಂಕುಗಳು ನೇರ ಸಾಲಿನಲ್ಲಿ ನಿಲ್ಲುವುದಿಲ್ಲ, ತುಳಿಯುವಾಗ ಕಾಲಿಗೆ ತಿಳಿಯುತ್ತದೆ.

ಸಂಜೆ ಚಂದ್ರದರ್ಶನಕ್ಕೆ ಎಲ್ಲರೂ ಮಾಳಿಗೆ ಹತ್ತುವ ಹೊತ್ತಿಗೆ ಟಣ್ ಎಂಬ ಸದ್ದು ಹೋಗಿತ್ತು. ಚಿರ್ ಎನ್ನುವುದು ಉಳಿದಿತ್ತು.

ಬಾರಿನೊಳಗಿನ ಚೂರು ಬೇರೆಯೇ ಜಾತಿಯದು. ಇಂಥ ಫ್ರೇಮುಗಳಲ್ಲಿ ಪೈಪುಗಳನ್ನು ಲಗ್ಗುಗಳಿಗೆ, ಅಂದರೆ ಪೈಪುಗಳು ಕೂಡುವ ಮೂಲೆಯ ಕೊಳವೆಗಳಿಗೆ, ಹಿತ್ತಾಳೆ ಕರಗಿಸಿ ಬೆಸೆದಿರುತ್ತಾರೆ. ಬೆಸೆಯುವಾಗ ಒಳಗೆ ತೊಟ್ಟಿಕ್ಕಿ ಗಟ್ಟಿಯಾದ ಹನಿ ಎಷ್ಟೋ ವರ್ಷ ಅಂಟಿಕೊಂಡೇ ಇದ್ದು, ಒಂದು ದಿನ ಕಳಚುತ್ತದೆ. ಸೀಟು ತೆಗೆದು ಟಾರ್ಚು ಬಿಟ್ಟು ನೋಡಿದೆ. ಸೀಟಿನ ಪೈಪಿನಿಂದ ಬಾರಿಗೆ ತೊಗರಿಕಾಳಿನಷ್ಟು ಒಂದೇ ತೂತು, ಬೆಸುಗೆಯ ಬಿಸಿಗಾಳಿ ಹೊರಹೋಗಲು ಬಿಟ್ಟದ್ದು. ಒಂದು ಗಂಟೆ ತಟ್ಟಿದರೂ ಚೂರು ಅದರಲ್ಲಿ ತೂರಲಿಲ್ಲ. ಬಾರಿಗೆ ರಂಧ್ರ ಕೊರೆಯಬಹುದಿತ್ತು, ಆದರೆ ಅಷ್ಟು ಭಾರ ಹೊರುವ ಪೈಪನ್ನು ಇಷ್ಟು ಸಣ್ಣ ಚೂರಿಗಾಗಿ ಕೊರೆಯುವುದು ನನಗೆ ತಪ್ಪೆನಿಸಿತು. ಇದು ಯಾವ ಬೇರಿಂಗಿಗೂ ಸಿಕ್ಕುವಂಥದ್ದಲ್ಲ. ಇದ್ದಲ್ಲೇ ಅಂಟಿಸಿದರೆ ಸಾಕು.

ಅದಕ್ಕೆ ಬಣ್ಣದ ಅಂಗಡಿಯಿಂದ ಕುದಿಸಿದ ಅಗಸೆ ಎಣ್ಣೆ ತಂದೆ. ಈ ಎಣ್ಣೆ ಗಾಳಿಗೆ ನಿಧಾನವಾಗಿ ಒಣಗಿ ಅಂಟಾದ ಪದರವಾಗುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆಯೂ ಕಾಯುತ್ತದೆ. ಬಾಲ್‌ಪೆನ್ನಿನ ಖಾಲಿ ರೀಫಿಲ್ಲನ್ನು ಮೇಣದಬತ್ತಿಯ ಶಾಖಕ್ಕೆ ಹಿಡಿದು ತುದಿ ಬಗ್ಗಿಸಿ ಸಿರಿಂಜಿಗೆ ಸಿಕ್ಕಿಸಿದೆ. ಮುಂದಿನ ಚಕ್ರ ಎತ್ತಿ ಚೂರನ್ನು ಸೀಟಿನ ಕಡೆಗೆ ತಂದು ಆ ತೂತಿನ ಮೂಲಕ ಅದರ ಮೇಲೆಯೇ ಬೀಳುವಂತೆ ಮೂರು ಸಿರಿಂಜು ಎಣ್ಣೆ ಬಿಟ್ಟೆ. ದಿನವೂ ಪತ್ರಿಕೆ ಹಾಕಿ ಬಂದ ಮೇಲೆ ಮುಂದಿನ ಚಕ್ರವನ್ನು ಜಗಲಿಯ ಮೇಲಿಟ್ಟು ಸೈಕಲ್ ನಿಲ್ಲಿಸುತ್ತಿದ್ದೆ. ಮುಚ್ಚಿದ ಪೈಪಿನೊಳಗೆ ಗಾಳಿ ಕಡಿಮೆ, ಅದಕ್ಕೇ ಒಣಗಲು ದಿನ ಹಿಡಿಯಿತು. ಮೂರನೆಯ ದಿನ ಸದ್ದು ಮಂದವಾಯಿತು, ಎರಡನೆಯ ವಾರದಲ್ಲಿ ನಿಂತಿತು.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುತ್ತಾ ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳುವ ಗುಣ ಅದಕ್ಕಿದೆ. ನಮ್ಮ ಮನೆಯಲ್ಲಿ ರದ್ದಿ ಪತ್ರಿಕೆಗಳ ರಾಶಿ ಸೂರು ಮುಟ್ಟುವಷ್ಟಿದೆ. ನಾನು ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ, ಅಂಗಳದ ಬೇಲಿಯ ಮೇಲೆ ಹರಡಿ ಒಣಗಿಸಿ, ಆಮೇಲೆ ಎಸೆದೆ.

ಹೊಸ ಕಾಟರ್ ಪಿನ್ನು ತುಳಿದಂತೆಲ್ಲ ಇನ್ನಷ್ಟು ಒಳಗೆ ಕೂರುತ್ತದೆ, ನಟ್ಟು ಸಡಿಲಾಗುತ್ತದೆ. ನಾಲ್ಕನೆಯ ದಿನ ಒಮ್ಮೆ, ಹದಿನೈದನೆಯ ದಿನ ಒಮ್ಮೆ ಬಿಗಿ ಮಾಡಿದೆ. ಎರಡನೆಯ ಸಲ ಸ್ಪ್ಯಾನರಿಗೆ ಕಾಲು ಸುತ್ತು ಮಾತ್ರ ಸಿಕ್ಕಿತು.