ಆರ್ಕೇಡ್ ಸ್ಟಿಕ್‌ನ ಸಪ್ಪಳ ತಗ್ಗಿಸಿದ ಬಗೆ

ಆರ್ಕೇಡ್ ಸ್ಟಿಕ್ (ವಿಡಿಯೋ ಗೇಮ್ ಆಡಲು ಲಿವರ್, ಬಟನ್ ಕೂರಿಸಿದ ಡಬ್ಬಿ) ಸಪ್ಪಳ ಮಾಡುತ್ತದೆ ಎಂದರೆ ಎಲ್ಲರೂ ಮೊದಲು ಬೈಯುವುದು ಮೈಕ್ರೋಸ್ವಿಚ್ಚನ್ನು, ಅಂದರೆ ಒತ್ತಿದ್ದನ್ನು ಗುರುತಿಸುವ ಒಳಗಿನ ಸಣ್ಣ ಸ್ವಿಚ್ಚನ್ನು. ಅದರ ‘ಟಿಕ್’ ಆಡುವವರ ಕಿವಿಗೆ ಬೀಳುತ್ತದೆ, ನಿಜ. ಆದರೆ ಪಕ್ಕದ ಖೋಲಿಗೆ, ಕೆಳಗಿನ ಮನೆಗೆ ಮುಟ್ಟುವುದು ಆ ಟಿಕ್ ಅಲ್ಲ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಬಡಿದು ‘ಠಕ್’ ಅನ್ನುತ್ತದೆ, ಆ ಠಕ್ಕನ್ನು ಪೊಳ್ಳು ಡಬ್ಬಿ ದೊಡ್ಡದು ಮಾಡಿ ಟೇಬಲ್ಲಿಗೆ ಕೊಡುತ್ತದೆ, ಟೇಬಲ್ಲು ನೆಲಕ್ಕೆ ಕೊಡುತ್ತದೆ. ಬೆಳಗಾವಿಯ ಹಳೆಯ ಗಲ್ಲಿಗಳಲ್ಲಿ ಎರಡು ಮನೆಗೆ ಒಂದೇ ಗೋಡೆ, ಎಷ್ಟೋ ಕಡೆ ಮಾಳಿಗೆಗೆ ಹಲಗೆಯ ನೆಲ. ಅಂಥ ಮಾಳಿಗೆಯಲ್ಲಿ ರಾತ್ರಿ ಹನ್ನೊಂದಕ್ಕೆ ಫೈಟಿಂಗ್ ಗೇಮ್ ಆಡಿದರೆ, ಕೆಳಗಿನವರಿಗೆ ಮೇಲೆ ಯಾರೋ ಅವಲಕ್ಕಿ ಕುಟ್ಟುತ್ತಿದ್ದಾರೆ ಅನ್ನಿಸುತ್ತದೆ. ಅದಕ್ಕೇ ನನ್ನ ಕ್ರಮ ಹೀಗಿದೆ: ಮೊದಲು ಡಬ್ಬಿ, ಆಮೇಲೆ ಬಟನ್, ಆಮೇಲೆ ಲಿವರ್. ಸ್ವಿಚ್ ಬದಲಿಸುವ ಖರ್ಚು ಕೊನೆಗೆ, ಬೇಕೆನಿಸಿದರೆ ಮಾತ್ರ.

ಇಲ್ಲಿ ಬರೆದದ್ದೆಲ್ಲ ಎರಡು ಸ್ಟಿಕ್‌ಗಳ ಮೇಲೆ ಮಾಡಿದ ಕೆಲಸ. ಒಂದರಲ್ಲಿ ಜಪಾನಿನ ಸಾನ್ವಾ ಕಂಪನಿಯ ಜೆಎಲ್‌ಎಫ್-ಟಿಪಿ-8ವೈಟಿ ಲಿವರ್, ಒಬಿಎಸ್‌ಎಫ್-30 ಬಟನ್‌ಗಳು, 3 ಮಿ.ಮೀ. ಅಕ್ರಿಲಿಕ್ ಮೇಲ್ಪಟ್ಟಿ (ಬಟನ್, ಲಿವರ್ ಕೂರುವ ಮೇಲಿನ ಹಲಗೆ). ಇನ್ನೊಂದರಲ್ಲಿ ‘ಝೀರೋ ಡಿಲೇ’ ಎನ್‌ಕೋಡರ್ (ಒತ್ತಿದ್ದನ್ನು ಕಂಪ್ಯೂಟರಿಗೆ ತಿಳಿಸುವ ಬೋರ್ಡು) ಜೊತೆ ಕಿಟ್ ಆಗಿ ಸಿಗುವ ಕಾಪಿ ಸಾಮಾನು, 12 ಮಿ.ಮೀ. ಪ್ಲೈವುಡ್ ಪೆಟ್ಟಿಗೆ. ಕಾಪಿ ಸಾಮಾನಿನಲ್ಲಿ ಒಂದೊಂದು ಕಂತಿನ ಅಳತೆ ಒಂದೊಂದು ಥರ. ಆದ್ದರಿಂದ ನನ್ನ ಅಳತೆಯನ್ನು ಹಾಗೇ ಎತ್ತಿಕೊಳ್ಳದೆ, ಅಳೆಯುವ ರೀತಿಯನ್ನು ಮಾತ್ರ ಹಿಡಿಯಿರಿ.

ಸಪ್ಪಳದ ಮೂಲ ಹುಡುಕಲು ಐದು ನಿಮಿಷ ಸಾಕು. ಒಂದು ಬಟನ್ನನ್ನು ಪಟ್ಟಿಯಿಂದ ಬಿಚ್ಚಿ ಅಂಗೈಯಲ್ಲಿ ಹಿಡಿದು ಒತ್ತಿ. ಕೈಯಲ್ಲಿ ಮೆತ್ತಗಿದ್ದದ್ದು ಪಟ್ಟಿಗೆ ಹಾಕಿದ ಮೇಲೆ ಜೋರಾದರೆ ತಪ್ಪು ಡಬ್ಬಿಯದು. ಲಿವರನ್ನು ಬಲಕ್ಕೆ ಬಹಳ ನಿಧಾನ ತಳ್ಳಿ: ನಡುವೆ ಬರುವ ಸಣ್ಣ ಟಿಕ್ ಸ್ವಿಚ್ಚಿನದು, ಕೊನೆಯಲ್ಲಿ ಬಡಿಯುವುದು ಗೇಟು (ಲಿವರಿನ ಓಟಕ್ಕೆ ಎಲ್ಲೆ ಹಾಕುವ ಚೌಕಟ್ಟು). ಒಮ್ಮೆಲೇ ಕೈಬಿಟ್ಟಾಗ ಲಿವರ್ ನಡುವಿಗೆ ಬಂದು ನಡುಗುವ ಸದ್ದು ಸ್ಪ್ರಿಂಗಿನದು. ಮೊಬೈಲಿನ ಡೆಸಿಬೆಲ್ ಆ್ಯಪ್ ಹೇಳುವ ಅಂಕಿಯನ್ನು ನಂಬಬೇಡಿ. ಆದರೆ ಅದೇ ಮೊಬೈಲನ್ನು ಅದೇ ಜಾಗದಲ್ಲಿ, ಒಂದು ಮೀಟರ್ ದೂರ ಇಟ್ಟು ಮೊದಲಿನದನ್ನೂ ನಂತರದ್ದನ್ನೂ ಹೋಲಿಸಲು ಅಡ್ಡಿಯಿಲ್ಲ.

ಡಬ್ಬಿಯ ಕೆಲಸ ಸುಲಭ, ಫಲ ಹೆಚ್ಚು. ಮೇಲ್ಪಟ್ಟಿಯ ಒಳಮೈಗೆ ಕಾರಿನ ಬಾಗಿಲೊಳಗೆ ಅಂಟಿಸುವ 2 ಮಿ.ಮೀ. ಬ್ಯುಟೈಲ್ ಶೀಟ್ ಹಾಕುತ್ತೇನೆ. ಕಾರ್ ಡೆಕೋರ್ ಅಂಗಡಿಯವರು ತುಂಡಿನ ಲೆಕ್ಕದಲ್ಲೂ ಕೊಡುತ್ತಾರೆ. ಬಟನ್‌ಗಳ ನಡುವಿನ ಜಾಗ, ಲಿವರಿನ ಸುತ್ತ, ತಳದ ಹಲಗೆ, ಇಷ್ಟಕ್ಕೆ ಹಾಕಿದರೆ ಸಾಕು. ಈ ಶೀಟಿನ ಮೇಲೆ ಅಲ್ಯುಮಿನಿಯಂ ಹಾಳೆ ಇರುತ್ತದೆ, ಅದರಲ್ಲಿ ಕರೆಂಟ್ ಹರಿಯಬಲ್ಲದು. ಎನ್‌ಕೋಡರ್ ಬೋರ್ಡಿನ ಹಿಂಬದಿ ಅದಕ್ಕೆ ತಾಗಿದರೆ ಬಟನ್‌ಗಳು ತಮ್ಮಷ್ಟಕ್ಕೆ ಒತ್ತಿಕೊಳ್ಳುತ್ತವೆ, ಇಲ್ಲವೆ ಯುಎಸ್‌ಬಿ ಸಾಧನವೇ ಕಾಣೆಯಾಗುತ್ತದೆ. ಬೋರ್ಡನ್ನು ಪ್ಲಾಸ್ಟಿಕ್ ಕಾಲುಗಳ ಮೇಲೆ ಎತ್ತಿ ಕೂರಿಸಿ.

ಉಳಿದ ಪೊಳ್ಳನ್ನು ತುಂಬಲು ಹಳೇ ಕೌದಿಯ ತುಂಡಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಪದರು ಪದರಾದ ಹತ್ತಿ ಬಟ್ಟೆ, ತೂಕವೂ ಇದೆ. ಆದರೆ ಹಾಗೇ ತುರುಕಬಾರದು. ಎಳೆ ಬಿಚ್ಚಿ ಲಿವರಿನ ತಳಕ್ಕೆ ಸುತ್ತಿಕೊಳ್ಳುತ್ತದೆ, ನವಿರು ದೂಳು ಸ್ವಿಚ್ಚಿಗೆ ಹೋಗುತ್ತದೆ. ದಿಂಬಿನ ಚೀಲದಂತೆ ನಾಲ್ಕೂ ಬದಿ ಹೊಲಿದು, ಲಿವರಿನ ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು ಇಡಬೇಕು. ಇನ್ನೊಂದು ತುಂಡು ಡಬ್ಬಿಯ ಕೆಳಗೆ. ಟೇಬಲ್ ಬಿಟ್ಟು ತೊಡೆಯ ಮೇಲೆ ಇಟ್ಟುಕೊಂಡು ಆಡುವವರಿಗೆ ನೆಲದ ಸಪ್ಪಳದ ಚಿಂತೆಯೇ ಇಲ್ಲ, ಅದಕ್ಕಿಂತ ಅಗ್ಗದ ಉಪಾಯವಿಲ್ಲ.

ಬಟನ್ನಿನ ಕಾಲರ್ (ಮೇಲಿನ ಅಗಲ ಅಂಚು) ಪಟ್ಟಿಗೆ ನೇರ ತಾಗದಂತೆ ನಡುವೆ ಒ-ರಿಂಗ್ (ರಬ್ಬರ್ ಬಳೆ) ಬೇಕು. ಈ ವಿಷಯದಲ್ಲಿ ಬೆಳಗಾವಿಯವರು ಪುಣ್ಯವಂತರು. ಹೈಡ್ರಾಲಿಕ್ಸ್ ಕಾರ್ಖಾನೆಗಳ ಊರಾದ್ದರಿಂದ ಉದ್ಯಮಬಾಗ ಕಡೆ ಒ-ರಿಂಗ್, ಆಯಿಲ್ ಸೀಲ್ ಬೇಕಾದ ಅಳತೆಗೆ ಸಿಗುತ್ತವೆ. 30 ಮಿ.ಮೀ. ಬಟನ್ನಿಗೆ ಒಳವ್ಯಾಸ 30, ದಪ್ಪ 1ರಿಂದ 1.5 ಮಿ.ಮೀ. ಇರುವ ನೈಟ್ರೈಲ್ ರಿಂಗ್ ಕೇಳಿ. ಒಂದು ಬಟನ್ ಕಿಸೆಯಲ್ಲಿ ಒಯ್ದು, ಕಾಲರಿನ ಅಂಚಿನಿಂದ ರಿಂಗ್ ಹೊರಗೆ ಇಣುಕುತ್ತದೆಯೇ ಅಲ್ಲೇ ನೋಡಿಕೊಳ್ಳಿ. ತೊಡಕು ಬರುವುದು ಕ್ಲಿಪ್ ಬಟನ್‌ಗಳಲ್ಲಿ. ಅವುಗಳ ರೆಕ್ಕೆ ತೆಳು ಪಟ್ಟಿಗೆ ಮಾತ್ರ ಕಚ್ಚುತ್ತದೆ. ರಿಂಗ್ ಸೇರಿದಾಗ ಪಟ್ಟಿ ದಪ್ಪವಾದಂತೆ ಆಗಿ ರೆಕ್ಕೆ ಸಿಗುವುದಿಲ್ಲ, ಜೋರಾಗಿ ಆಡುವಾಗ ಬಟನ್ ಎದ್ದು ಬರುತ್ತದೆ. 3 ಮಿ.ಮೀ. ಅಕ್ರಿಲಿಕ್‌ನಲ್ಲಿ ನಾನು ರಿಂಗ್ ಕೈಬಿಟ್ಟು ತೆಳು ಫೋಮಿನ ಬಳೆ ಹಾಕಿದ್ದೇನೆ. ನಟ್ ಬಿಗಿಯುವ ಒಬಿಎಸ್‌ಎನ್-30 ಮಾದರಿ, ಅಥವಾ ಕಿಟ್‌ಗಳಲ್ಲಿ ಬರುವ ಸ್ಕ್ರೂ ಬಟನ್ ಆದರೆ ರಿಂಗಿಗೆ ಯಾವ ತಕರಾರೂ ಇಲ್ಲ. ನಟ್ಟನ್ನು ಕೈಯಿಂದಲೇ ಬಿಗಿಯಿರಿ, ಪಕ್ಕಡಿನಿಂದ ಬಿಗಿದರೆ ರಿಂಗ್ ಚಪ್ಪಟೆಯಾಗಿ ಇದ್ದೂ ಇಲ್ಲದಂತೆ.

ಈಗ ಬಟನ್ನಿನ ಒಳಗು. ಇಲ್ಲಿ ಸಪ್ಪಳ ಎರಡು ಸಲ ಹುಟ್ಟುತ್ತದೆ. ಒತ್ತಿದಾಗ ಪ್ಲಂಜರಿನ (ಬೆರಳು ಒತ್ತುವ, ಮೇಲೆ ಕೆಳಗೆ ಆಡುವ ಭಾಗ) ತಳ ಬಟನ್ನಿನದೇ ಒಳನೆಲಕ್ಕೆ ಬಡಿಯುವುದು ಒಂದು. ಬಿಟ್ಟಾಗ ಪ್ಲಂಜರ್ ಮೇಲೆ ಹಾರಿ, ಅದರ ಎರಡು ಕೊಕ್ಕೆಗಳು ಒಳಗಿನ ತಡೆಗೆ ಕೆಳಗಿನಿಂದ ಬಡಿಯುವುದು ಇನ್ನೊಂದು. ಜನ ಮೊದಲನೆಯದಕ್ಕೆ ಮೆತ್ತೆ ಹಾಕಿ ಎರಡನೆಯದನ್ನು ಮರೆಯುತ್ತಾರೆ. ಆಮೇಲೆ ‘ಅರ್ಧ ಸಪ್ಪಳ ಉಳಿಯಿತು’ ಎಂದು ಗೊಣಗುತ್ತಾರೆ. ಬೆರಳು ಒತ್ತುವಾಗ ಮಾಂಸವೇ ಸ್ವಲ್ಪ ಪೆಟ್ಟು ಹೀರಿಕೊಳ್ಳುತ್ತದೆ, ಬಿಟ್ಟಾಗ ಪ್ಲಂಜರಿಗೆ ತಡೆಯುವವರು ಯಾರೂ ಇಲ್ಲ. ಹಾಗಾಗಿ ಎರಡನೆಯದೇ ಚೂಪು.

ಬಿಚ್ಚುವಾಗ ವೈರಿನ ತುದಿಯ ಕನೆಕ್ಟರನ್ನು (ಒಬಿಎಸ್‌ಎಫ್‌ಗೆ 2.8 ಮಿ.ಮೀ., ಮೈಕ್ರೋಸ್ವಿಚ್ ಪ್ರತ್ಯೇಕವಾಗಿರುವ ಅಮೆರಿಕನ್ ಮಾದರಿಗೆ ಸಾಮಾನ್ಯವಾಗಿ 4.8) ಲೋಹದ ಭಾಗ ಹಿಡಿದೇ ಎಳೆಯಿರಿ. ಬಟನ್ನನ್ನು ಮಗುಚಿದರೆ ಪ್ಲಂಜರಿನ ಕೊಕ್ಕೆಗಳು ಕಾಣುತ್ತವೆ. ಸಣ್ಣ ಚಪ್ಪಟೆ ಸ್ಕ್ರೂಡ್ರೈವರಿನಿಂದ ಎರಡನ್ನೂ ಒಳಕ್ಕೆ ಒತ್ತಿ ಪ್ಲಂಜರನ್ನು ಬಟನ್ನಿನ ಮುಖದ ಕಡೆಗೆ ತಳ್ಳಬೇಕು. ಕೆಲವು ಕಾಪಿಗಳಲ್ಲಿ ಮೊದಲು ಸ್ವಿಚ್ ತೆಗೆಯದೆ ಕೊಕ್ಕೆ ಸಿಗುವುದಿಲ್ಲ. ಕೊಕ್ಕೆ ಮುರಿದರೆ ಆ ಬಟನ್ ಮುಗಿಯಿತು. ಎರಡು ಬಟನ್ ಹೆಚ್ಚಿಗೆ ಇಟ್ಟುಕೊಂಡೇ ಕೈಹಾಕಿ.

ಮೆತ್ತೆ ಎಷ್ಟು ದಪ್ಪ ಇರಬೇಕು ಎಂಬುದಕ್ಕೆ ಜೆರಾಕ್ಸ್ ಕಾಗದವೇ ಅಳತೆಗೋಲು. ಒಂದು ಹಾಳೆ ಸುಮಾರು 0.1 ಮಿ.ಮೀ. ನಡುವೆ ತೂತಿರುವ ಕಾಗದದ ಬಳೆಗಳನ್ನು ಕತ್ತರಿಸಿ, ಒಂದೊಂದೇ ಪ್ಲಂಜರಿನ ಕೆಳಗೆ ಸೇರಿಸುತ್ತ ಹೋಗಿ. ಪ್ರತಿ ಸಲ ಪೂರ್ತಿ ಒತ್ತಿ ಕಂಪ್ಯೂಟರಿನಲ್ಲಿ ಬಟನ್ ಹತ್ತುತ್ತದೆಯೇ ನೋಡಿ. ಲಿನಕ್ಸ್ ಅಥವಾ ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್ ಬೋರ್ಡು) ಇದ್ದರೆ ಬಟನ್ ಹತ್ತಿದ್ದನ್ನು ಪರದೆಯಲ್ಲಿ ತೋರಿಸುವ ಜೆಎಸ್‌ಟೆಸ್ಟ್ ಪ್ರೋಗ್ರಾಂ ಸಾಕು. ಹದಿನೆಂಟನೇ ಹಾಳೆಗೆ ಬಟನ್ ಹತ್ತದೆ ಹೋದರೆ ನಿಮಗಿರುವ ಅವಕಾಶ 1.7 ಮಿ.ಮೀ. ಒತ್ತಿ ಹಿಡಿದಾಗ ಮೆತ್ತೆ ಉಳಿಸಿಕೊಳ್ಳುವ ದಪ್ಪ ಅದರ ಅರ್ಧ ಮೀರಬಾರದು. ಪೂರ್ತಿ ಅವಕಾಶ ಬಳಸಿಕೊಂಡರೆ ಬಟನ್ನಿನ ಅಂಚಿನ ಮೇಲೆ ಓರೆಯಾಗಿ ಬೆರಳು ಬಿದ್ದಾಗ ಸ್ವಿಚ್ ಹತ್ತುವುದಿಲ್ಲ. ಅದು ಗೊತ್ತಾಗುವುದು ಆಟದ ನಡುವೆ.

ಕೆಳಗಿನ ಮೆತ್ತೆಗೆ 1 ಮಿ.ಮೀ. ಇವಿಎ ಫೋಮ್. ಎಂಟು ಬಟನ್ನಿಗೆ ಒಂದು ಎ4 ಹಾಳೆ ಬೇಕಾದಷ್ಟಾಯಿತು. ಬಳೆಯ ಹೊರ ಅಂಚು ಪ್ಲಂಜರಿಗಿಂತ ಒಂದು ಕೂದಲು ಚಿಕ್ಕದಿರಲಿ, ನಡುವಿನ ತೂತು ಸ್ವಿಚ್ಚನ್ನು ಒತ್ತುವ ಭಾಗಕ್ಕೆ ಎಲ್ಲೂ ಸವರದಷ್ಟು ದೊಡ್ಡದಿರಲಿ. ಕತ್ತರಿಯಲ್ಲಿ ದುಂಡಗೆ ಬರುವುದಿಲ್ಲ, ಚರ್ಮಕ್ಕೆ ತೂತು ಹೊಡೆಯುವ ಪಂಚ್ ಸೆಟ್ ತರಬೇಕು. ಸೈಕಲ್ ಟ್ಯೂಬಿನ ರಬ್ಬರ್ ಹಾಕಿ ನೋಡಿದ್ದೇನೆ, ಬೇಡ. ರಬ್ಬರ್ ಪುಟಿಯುತ್ತದೆ, ದಿನ ಕಳೆದಂತೆ ಪ್ಲಾಸ್ಟಿಕ್ಕಿಗೆ ಹಿಡಿದುಕೊಂಡು ಬಟನ್ ಏಳಲು ಸೋಮಾರಿತನ ಮಾಡುತ್ತದೆ.

ಮೇಲಿನ ಬಡಿತಕ್ಕೆ, ಅಂದರೆ ಕೊಕ್ಕೆಗಳಿಗೆ, ಹಾಕುವ ಮೆತ್ತೆ 0.5 ಮಿ.ಮೀ. ಮೀರಬಾರದು. ಅಲ್ಲಿ ಸೇರಿಸಿದ ಪ್ರತಿ ಎಳೆಯೂ ಪ್ಲಂಜರನ್ನು ಕೆಳಗೆ ಇಳಿಸಿ ಸ್ವಿಚ್ಚಿನ ಹತ್ತಿರ ತರುತ್ತದೆ. ದಪ್ಪ ಹೆಚ್ಚಾದರೆ ಬಟನ್ ಸದಾ ಒತ್ತಿದಂತೆಯೇ ಇರುತ್ತದೆ. ಅದಕ್ಕಿಂತ ಕೆಟ್ಟದ್ದು, ಆಗೊಮ್ಮೆ ಈಗೊಮ್ಮೆ ಹಾಗಾಗುವುದು. ಎಂಟು ಬಟನ್ನಿಗೆ ಹದಿನಾರು ಸಣ್ಣ ತುಂಡು ಬೇಕು. ನನ್ನ ಆಯ್ಕೆ ಹಾರ್ಮೋನಿಯಂ ರಿಪೇರಿಯವರ ಬಳಿ ಸಿಗುವ ತೆಳು ಫೆಲ್ಟ್, ಅದನ್ನೂ ಸೀಳಿ ತೆಳ್ಳಗೆ ಮಾಡಿ. ಹಾರ್ಮೋನಿಯಂನ ಮನೆ (ಬೆರಳಿನಿಂದ ಒತ್ತುವ ಪಟ್ಟಿ) ಒತ್ತಿ ಬಿಟ್ಟಾಗ ಠಕ್ ಅನ್ನಬಾರದು ಎಂದು ಅವರು ಇದೇ ಕೆಲಸಕ್ಕೆ ಅದನ್ನು ಬಳಸುತ್ತಾರೆ. ಇಷ್ಟೆಲ್ಲ ಬೇಡ ಅನ್ನುವವರು ಸಾನ್ವಾದ್ದೇ ಒಬಿಎಸ್‌ಎಫ್‌ಎಸ್-30 ಕೊಳ್ಳಬಹುದು, ಅದು ಕಾರ್ಖಾನೆಯಲ್ಲೇ ಮೆತ್ತೆ ಹಾಕಿದ ಮಾದರಿ.

ಲಿವರಿಗೆ ಬರೋಣ. ಜೆಎಲ್‌ಎಫ್ ಮಗುಚಿ, ಗೇಟಿನ ಕ್ಲಿಪ್‌ಗಳನ್ನು ಬಿಡಿಸಿ ಎತ್ತಿದರೆ ನಾಲ್ಕು ಮೈಕ್ರೋಸ್ವಿಚ್ ಇರುವ ಬೋರ್ಡ್ ಕೈಗೆ ಬರುತ್ತದೆ. ದಂಡದ ಕೆಳತುದಿಯಲ್ಲಿ ಇ-ಕ್ಲಿಪ್ (E ಆಕಾರದ ಸಣ್ಣ ಲೋಹದ ಕ್ಲಿಪ್). ಅದನ್ನು ತಳ್ಳುವಾಗ ಮೇಲೆ ಬಟ್ಟೆ ಮುಚ್ಚಿಕೊಳ್ಳಿ, ಹಾರಿದರೆ ಸಿಗುವುದಿಲ್ಲ. ಲಿವರಿನ ತಲೆಯ ಚೆಂಡನ್ನು ಬಿಚ್ಚಲು ದಂಡದ ಕೆಳತುದಿಯ ಗೀರಿಗೆ ಸ್ಕ್ರೂಡ್ರೈವರ್ ಕೊಟ್ಟು ಹಿಡಿದು ಮೇಲೆ ತಿರುಗಿಸಬೇಕು.

ಗೇಟಿನ ಹೊಡೆತಕ್ಕೆ ಫೋಮ್ ನಿಲ್ಲುವುದಿಲ್ಲ, ಕೆಲವೇ ದಿನಕ್ಕೆ ಅಂಚಿನಲ್ಲಿ ಹರಿಯುತ್ತದೆ. ತೆಳು ಚರ್ಮ ತಾಳುತ್ತದೆ. ಅಥಣಿ, ನಿಪ್ಪಾಣಿ ಕಡೆ ಚಪ್ಪಲಿ ಮಾಡುವವರಲ್ಲಿ ಚೂರುಪಾರು ಸಿಗುತ್ತದೆ (2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಬಂದ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ). ಅಟ್ಟೆಯ ದಪ್ಪ ಚರ್ಮ ಬೇಡ. ಕೇಳಬೇಕಾದ್ದು ಅಸ್ತರಿಗೆ ಬಳಸುವ ತೆಳು ಮೇಕೆ ಚರ್ಮ, 1 ಮಿ.ಮೀ.ಗಿಂತ ಕಡಿಮೆಯದು. ಚೌಕ ಗೇಟಿನ ನಾಲ್ಕು ಗೋಡೆಗೆ ನಾಲ್ಕು ಬೇರೆ ಬೇರೆ ಪಟ್ಟಿ ಅಂಟಿಸಿ, ಮೂಲೆಗಳಲ್ಲಿ ಎರಡು ಮಿ.ಮೀ. ಖಾಲಿ ಬಿಡಿ. ಒಂದೇ ಉದ್ದ ಪಟ್ಟಿಯನ್ನು ಸುತ್ತಿದರೆ ಮೂಲೆ ದುಂಡಗಾಗುತ್ತದೆ. ಓರೆ ದಿಕ್ಕಿಗೆ ಎರಡು ಸ್ವಿಚ್ ಒಟ್ಟಿಗೆ ಹತ್ತಬೇಕು, ದುಂಡು ಮೂಲೆಯಲ್ಲಿ ಒಂದೇ ಹತ್ತುತ್ತದೆ. ಕೆಳಗೆ-ಓರೆ-ಮುಂದೆ ಅನ್ನುವ ಕಾಲು ಸುತ್ತಿನ ಚಲನೆಯಲ್ಲಿ ನಡುವಿನ ಓರೆಯೇ ತಪ್ಪಿ ಆಟದಲ್ಲಿ ಫೈರ್‌ಬಾಲ್ ಹೊಡೆತ ಬರುವುದಿಲ್ಲ. ಇಲ್ಲಿಯೂ ಅದೇ ಕಾಗದದ ಅಳತೆ: ಪಟ್ಟಿ ಅಂಟಿಸುವ ಮೊದಲು ಹಾಳೆ ಮಡಚಿ ಗೋಡೆಗಿಟ್ಟು, ಎಂಟು ದಿಕ್ಕೂ ಹತ್ತುವ ದಪ್ಪ ಕಂಡುಕೊಳ್ಳಿ.

ಚರ್ಮ ಸಿಗದಿದ್ದರೆ ಆಕ್ಚುವೇಟರಿನ (ದಂಡದ ಮೇಲಿದ್ದು ಸ್ವಿಚ್ಚುಗಳನ್ನು ಒತ್ತುವ ಪ್ಲಾಸ್ಟಿಕ್ ಕೊಳವೆ) ಕೆಳತುದಿಗೆ ಒಂದು ಸುತ್ತು ಹೀಟ್‌ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಬಹುದು. ಗೇಟಿಗೆ ತಾಗುವಷ್ಟು ಭಾಗಕ್ಕೆ ಮಾತ್ರ. ಸ್ವಿಚ್ಚಿಗೆ ತಾಗುವ ಎತ್ತರದವರೆಗೆ ಏರಿದರೆ ಲಿವರ್ ನಡುವಿನಲ್ಲಿದ್ದಾಗಲೇ ದಿಕ್ಕು ಹತ್ತಿ ಕೂರುತ್ತದೆ. ಬಿಸಿ ಮಾಡಲು ಹೇರ್ ಡ್ರೈಯರ್ ಬಳಸಿ, ಲೈಟರಿನ ಉರಿಗೆ ಆಕ್ಚುವೇಟರ್ ಸೊಟ್ಟಗಾಗುತ್ತದೆ.

ತಿರುಗಣೆಗೆ ಸಾಸಿವೆ ಕಾಳಿನಷ್ಟು ಸಿಲಿಕೋನ್ ಗ್ರೀಸ್ ಸಾಕು, ಸ್ಪ್ರಿಂಗಿನ ಎರಡು ತುದಿಗೆ ಅದಕ್ಕಿಂತ ಕಡಿಮೆ. ಹೊಲಿಗೆ ಯಂತ್ರದ ಎಣ್ಣೆ ಹರಿದು ಸ್ವಿಚ್ಚಿಗೆ ಇಳಿಯುತ್ತದೆ. ಪೆಟ್ರೋಲಿಯಂ ಎಣ್ಣೆಗಳಿಂದ ಎಬಿಎಸ್ ಪ್ಲಾಸ್ಟಿಕ್ ಬಿರುಕು ಬಿಡುವುದೂ ಉಂಟು. ಲಿವರಿನ ತಗಡು ಕಟ್ಟಿಗೆಗೆ ಕೂರುವ ನಾಲ್ಕು ಸ್ಕ್ರೂಗಳಿಗೆ ರಬ್ಬರ್ ವಾಷರ್, ಕೆಳಗೆ ನೈಲಾನ್ ಇರುವ ಲಾಕ್ ನಟ್. ರಬ್ಬರ್ ಉಬ್ಬಿ ಹೊರಬರುವಷ್ಟು ಬಿಗಿಯಬೇಡಿ.

ಇಷ್ಟಾದ ಮೇಲೂ ಉಳಿಯುವುದು ಸ್ವಿಚ್ಚಿನ ಟಿಕ್. ಒಳಗಿನ ಸ್ಪ್ರಿಂಗ್ ತಗಡು ಒಮ್ಮೆಲೇ ಮಗುಚುವುದರಿಂದಲೇ ಆ ಸದ್ದು, ಅದೇ ಅದರ ಕೆಲಸ. ಗ್ರೀಸ್ ತುಂಬಿ ಅದನ್ನು ಸುಮ್ಮನಾಗಿಸಲು ಹೋದರೆ ಸಂಪರ್ಕ ಕೆಡುತ್ತದೆ. ಕಾಪಿ ಲಿವರುಗಳಲ್ಲಿ ಬಿಡಿ ಸ್ವಿಚ್‌ಗಳು ಗೂಟದ ಮೇಲೆ ಸಡಿಲ ಕೂತು ಅಲುಗುತ್ತವೆ. ಪಕ್ಕಕ್ಕೆ ಒಂದು ಮಡಿಕೆ ಕಾಗದ ತುರುಕಿದರೆ ಆ ಗಲಗಲ ಹೋಗುತ್ತದೆ. ಟಿಕ್ಕೇ ಬೇಡ ಎಂದರೆ ಲಿವರಿಗೆ ಆಪ್ಟಿಕಲ್ ಬೋರ್ಡ್ (ಸ್ವಿಚ್ಚಿನ ಬದಲು ಬೆಳಕಿನಿಂದ ದಿಕ್ಕು ಗುರುತಿಸುವ ಬೋರ್ಡು) ಹಾಕಬೇಕು. ಆದರೆ ಜೆಎಲ್‌ಎಫ್‌ನ ಐದು ತಂತಿಗಳಲ್ಲಿ ನಾಲ್ಕು ದಿಕ್ಕಿಗೆ, ಒಂದು ಗ್ರೌಂಡ್‌ಗೆ. ಆಪ್ಟಿಕಲ್‌ಗೆ ವಿದ್ಯುತ್ತೂ ಬೇಕು. ಎನ್‌ಕೋಡರಿನಿಂದ 5 ವೋಲ್ಟಿನ ಆರನೇ ತಂತಿ ಎಳೆಯಲು ಜಾಗ ಇದೆಯೇ ಎಂದು ಕೊಳ್ಳುವ ಮೊದಲೇ ನೋಡಿ. ಬಟನ್ನಿನ ಕಡೆ ಕೀಬೋರ್ಡ್ ಸ್ವಿಚ್ ಕೂರುವ ಗೇಮರ್‌ಫಿಂಗರ್ ಕಂಪನಿಯ ಬಟನ್ ಥರದವು ಇವೆ. ಅವಕ್ಕೆ ಚೆರಿ ಎಂಎಕ್ಸ್ ಸೈಲೆಂಟ್ ರೆಡ್ ಎಂಬ ಕೀಬೋರ್ಡ್ ಸ್ವಿಚ್ ಹಾಕಬಹುದು: 45 ಸೆಂಟಿನ್ಯೂಟನ್ ಭಾರ, 1.9 ಮಿ.ಮೀ.ಗೆ ಹತ್ತುತ್ತದೆ, ಒಟ್ಟು 3.7 ಮಿ.ಮೀ. ಇಳಿಯುತ್ತದೆ. ಶಾಂತವೇ, ಆದರೆ ಸಾನ್ವಾ ಬಟನ್ನಿನ ಚುರುಕು ಕೈಗೆ ಸಿಗುವುದಿಲ್ಲ. ನಾನು ಮೆತ್ತೆ ಹಾಕಿದ ಬಟನ್ನಿಗೇ ಮರಳಿದ್ದೇನೆ.

ಅಂಟಿನ ಮಾತು ಸಣ್ಣದಲ್ಲ. ಫೆವಿಕ್ವಿಕ್ ಥರದ ಅಂಟಿನ ಹಬೆ ಪ್ಲಾಸ್ಟಿಕ್ ಮೇಲೆ ಬಿಳಿ ಪೊರೆ ಬಿಡುತ್ತದೆ, ಹನಿ ಹರಿದರೆ ಪ್ಲಂಜರ್ ಕಚ್ಚಿಕೊಳ್ಳುತ್ತದೆ. ಚಪ್ಪಲಿಗೆ ಬಳಸುವ ರಬ್ಬರ್ ಅಂಟನ್ನು ಎರಡೂ ಕಡೆ ತೆಳ್ಳಗೆ ಸವರಿ, ಬೆರಳಿಗೆ ಅಂಟದಷ್ಟು ಒಣಗಲು ಬಿಟ್ಟು ಒತ್ತಬೇಕು. ಜೋಡಿಸುವುದು ಮರುದಿನ. ಹಾಟ್ ಗ್ಲೂ ಮತ್ತು ಎರಡು ಬದಿ ಅಂಟುವ ಟೇಪು ವಿಜಯಪುರದ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಜಾರುತ್ತವೆ. ಬೆಳಗಾವಿಯ ಮಳೆಗಾಲದ ಕಥೆ ಬೇರೆ: ಫೆಲ್ಟು, ಚರ್ಮ ಎರಡೂ ತೇವ ಹೀರಿ ಉಬ್ಬುತ್ತವೆ. ಮೇ ತಿಂಗಳಲ್ಲಿ ಸರಿಯಿದ್ದ ಬಟನ್ ಜುಲೈಯಲ್ಲಿ ತಾನೇ ಹತ್ತಿಕೊಂಡರೆ ಸ್ವಿಚ್ ಬದಲಿಸಲು ಓಡಬೇಡಿ, ಕೊಕ್ಕೆಯ ಫೆಲ್ಟನ್ನು ಒಂದು ಪದರ ಸೀಳಿ ತೆಗೆಯಿರಿ.

ಜೋಡಿಸಿದ ಮೇಲೆ ಪ್ರತಿ ಬಟನ್ನನ್ನೂ ಹತ್ತು ಸೆಕೆಂಡು ಪಟಪಟ ಒತ್ತಿ, ಬೆರಳು ಎಣಿಸಿದ್ದನ್ನೂ ಪರದೆ ಎಣಿಸಿದ್ದನ್ನೂ ತಾಳೆ ನೋಡುತ್ತೇನೆ. ಪರದೆಯಲ್ಲಿ ಕಡಿಮೆ ಬಂದರೆ ಕೆಳಗಿನ ಫೋಮ್ ದಪ್ಪ, ಇಲ್ಲವೆ ಪ್ಲಂಜರಿನ ಬದಿಗೆ ಅಂಟು ತಾಗಿದೆ. ಹೆಚ್ಚು ಬಂದರೆ ಕೊಕ್ಕೆಯ ಮೆತ್ತೆ ದಪ್ಪವಾಗಿ ಸ್ವಿಚ್ ಅಂಚಿನಲ್ಲಿ ನಡುಗುತ್ತಿದೆ. ಇವಿಎ ಫೋಮ್ ಆಡುತ್ತ ಆಡುತ್ತ ಚಪ್ಪಟೆಯಾಗುತ್ತದೆ. ದಿನವೂ ಆಡುವ ಬಟನ್‌ಗಳಲ್ಲಿ ಮೊದಲು ಸೋಲುವುದು ಹೆಬ್ಬೆರಳಿನ ಪಕ್ಕದ ಎರಡು, ಅವಕ್ಕೆಂದು ಆರು ಬಳೆ ಮೊದಲೇ ಕತ್ತರಿಸಿ ಡಬ್ಬಿಯ ಒಳಗೇ ಒಂದು ಲಕೋಟೆಯಲ್ಲಿ ಅಂಟಿಸಿಟ್ಟಿದ್ದೇನೆ.