ಮನೆಯವರೊಂದಿಗೆ ಬಂದವರ ಮೊದಲ ಭೇಟಿ: ಹೊಸ ಮನೋಚಿಕಿತ್ಸಕರಿಗೆ

ನಾವು ಓದಿದ ಮನೋಚಿಕಿತ್ಸೆಯ ಪಠ್ಯಗಳಲ್ಲಿ ಕೋಣೆಯೊಳಗೆ ಸಾಮಾನ್ಯವಾಗಿ ಇಬ್ಬರೇ ಇರುತ್ತಾರೆ. ಆದರೆ ಕರ್ನಾಟಕದ ಯಾವುದೇ ಜಿಲ್ಲಾಸ್ಪತ್ರೆಯಲ್ಲಿ ಮೊದಲ ದಿನ ಒಳಗೆ ಬರುವವರು ಮೂವರೋ ನಾಲ್ವರೋ ಆಗಿರುತ್ತಾರೆ: ತಲೆ ತಗ್ಗಿಸಿದ ಮಗಳು, ಮಾತನಾಡುವ ತಾಯಿ, ಇಸಿಜಿ ಮತ್ತು ರಕ್ತಪರೀಕ್ಷೆಯ ವರದಿಗಳಿರುವ ಪ್ಲಾಸ್ಟಿಕ್ ಚೀಲ ಹಿಡಿದ ತಂದೆ. ಮನೆಯವರನ್ನು ದೂರ ಮಾಡದೆ, ಚಿಕಿತ್ಸೆಗೆ ಬಂದ ವ್ಯಕ್ತಿ ತಾನಾಗಿ ಮಾತನಾಡಲು ಅವಕಾಶ ಕಲ್ಪಿಸುವುದು ಈ ಮೊದಲ ಭೇಟಿಯ ಮುಖ್ಯ ಕೆಲಸ.

ಮನೆಯವರನ್ನು ಅಡ್ಡಿ ಎಂದು ಭಾವಿಸುವುದು ತರಬೇತಿಯಿಂದ ಆಗಷ್ಟೇ ಹೊರಬಂದವರಲ್ಲಿ ಕಾಣುವ ಅಭ್ಯಾಸ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ಅವರು ರೋಗಿಗಳ ಬಂಧುಗಳಿಗೆ ಆವರಣದಲ್ಲೇ ಡೇರೆ ಹಾಕಿಸಿ, ಅವರನ್ನು ಆರೈಕೆಯಲ್ಲಿ ಪಾಲುದಾರರನ್ನಾಗಿ ಮಾಡಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಬಸ್ಸಿನ ಖರ್ಚು ಭರಿಸಿ, ಕೂಲಿ ಬಿಟ್ಟು ಮುಂದಿನ ವಾರ ಮತ್ತೆ ಕರೆತರಬೇಕಾದವರೂ ಇವರೇ.

ಆದ್ದರಿಂದ ಮೊದಲ ಹತ್ತು ಹದಿನೈದು ನಿಮಿಷ ಎಲ್ಲರನ್ನೂ ಒಟ್ಟಿಗೇ ಕೂರಿಸಿಕೊಳ್ಳಿ. ಮೊದಲ ಪ್ರಶ್ನೆಯನ್ನು ಚಿಕಿತ್ಸೆಗೆ ಬಂದವರಿಗೇ ಕೇಳಿ. ವಯಸ್ಸು ಹತ್ತೊಂಬತ್ತೇ ಆಗಿದ್ದರೂ ಬಹುವಚನದಲ್ಲೇ ಮಾತನಾಡಿಸಿ. ಉತ್ತರ ತಾಯಿಯಿಂದ ಬಂದರೆ ತಡೆಯಬೇಡಿ, ಪೂರ್ತಿ ಕೇಳಿಸಿಕೊಂಡು, "ಅಮ್ಮ ಹೀಗೆ ಹೇಳುತ್ತಿದ್ದಾರೆ, ನಿಮಗೆ ಹೇಗನ್ನಿಸುತ್ತದೆ?" ಎಂದು ಮತ್ತೆ ಮಗಳತ್ತ ತಿರುಗಿ. ಎರಡು ಮೂರು ಬಾರಿ ಹೀಗೆ ಮಾಡಿದರೆ, ಇಲ್ಲಿ ಯಾರ ಮಾತಿಗಾಗಿ ಕಾಯಲಾಗುತ್ತಿದೆ ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ.

ಅನಂತರ, "ನಾನು ಎಲ್ಲರೊಂದಿಗೂ ಸ್ವಲ್ಪ ಹೊತ್ತು ಪ್ರತ್ಯೇಕವಾಗಿ ಮಾತನಾಡುತ್ತೇನೆ" ಎಂದು ಇಲ್ಲಿನ ಪದ್ಧತಿಯೆಂಬಂತೆ ತಿಳಿಸಿ; ಆಗ ಯಾರಿಗೂ ತಮ್ಮ ಮೇಲೆ ಸಂಶಯವೆಂದು ಅನ್ನಿಸುವುದಿಲ್ಲ. ಈ ಸರದಿಯಲ್ಲಿ ಚಿಕಿತ್ಸೆಗೆ ಬಂದವರೇ ಮೊದಲು ಬರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ತಂದೆತಾಯಿ ಮೊದಲು ಒಳಗಿದ್ದರೆ, ಹೊರಗೆ ಕುಳಿತ ಮಗಳು ತೀರ್ಪು ಆಗಲೇ ಆಗಿಹೋಯಿತೆಂದು ತಿಳಿಯುತ್ತಾಳೆ. ಮನೆಯವರ ಸರದಿ ಬಂದಾಗ, "ಅವಳಿಗೆ ಹೇಳಬೇಡಿ ಮೇಡಂ" ಎಂದು ಯಾರಾದರೂ ಒಂದು ಗುಟ್ಟನ್ನು ಒಪ್ಪಿಸಲು ಬರುತ್ತಾರೆ. "ನೀವು ಹೇಳಿದ್ದು ಅಗತ್ಯಬಿದ್ದರೆ ಮಗಳೊಂದಿಗಿನ ಮಾತಿನಲ್ಲಿ ಬರಬಹುದು" ಎಂದು ಗುಟ್ಟು ಹೊರಬೀಳುವ ಮುನ್ನವೇ ಸ್ಪಷ್ಟಪಡಿಸಿ.

ಗೋಪ್ಯತೆಯ ವಿಷಯವನ್ನು ಎಲ್ಲರೂ ಇರುವಾಗಲೇ ಹೇಳಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಚಿಕಿತ್ಸೆ ಪಡೆಯುವವರ ಹಕ್ಕೆಂದು ಗುರುತಿಸಿದೆ. ಜೀವಕ್ಕೆ ಅಪಾಯವಿರುವಾಗ, ಬೇರೆಯವರಿಗೆ ಹಾನಿಯಾಗುವಂತಿದ್ದಾಗ ಅಗತ್ಯವಿರುವಷ್ಟನ್ನು ಮಾತ್ರ ತಿಳಿಸಲು ಅವಕಾಶವಿದೆ. ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ದೂರು ನೀಡುವುದು ಕಡ್ಡಾಯ. ಈ ಮಿತಿಗಳನ್ನು ಮೊದಲೇ ಹೇಳದೆ, ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಹೇಳುವುದು ಅನ್ಯಾಯ.

ಒಬ್ಬರೇ ಇರುವಾಗಲೂ ಮಾತು ಹೆಚ್ಚಾಗಿ ದೇಹದಿಂದಲೇ ಆರಂಭವಾಗುತ್ತದೆ: ಎದೆ ಭಾರ, ಕೈಕಾಲು ಸೆಳೆತ, ಗ್ಯಾಸ್ಟ್ರಿಕ್, ನಿದ್ದೆಯಿಲ್ಲ. ಇದೆಲ್ಲ ಮನಸ್ಸಿನದೇ ಎಂದು ತಿದ್ದಲು ಹೋಗಬೇಡಿ. ನೋವು ನಿಜವಾಗಿಯೇ ಇದೆ. ಥೈರಾಯ್ಡ್, ರಕ್ತಹೀನತೆ, ವಿಟಮಿನ್ ಬಿ12 ಕೊರತೆಗಳೂ ಸುಸ್ತು, ಮಂಕುತನಗಳನ್ನು ತರುವುದರಿಂದ ಆ ಚೀಲದ ವರದಿಗಳನ್ನು ನೋಡಿ, ಆಗದ ಪರೀಕ್ಷೆಗಳಿಗೆ ವೈದ್ಯರ ಬಳಿ ಕಳುಹಿಸಿ. ಆಮೇಲೆ ಎದೆ ಯಾವಾಗ ಭಾರವಾಗುತ್ತದೆ, ಆಗ ಮನೆಯಲ್ಲಿ ಯಾರಿರುತ್ತಾರೆ, ಏನು ನಡೆದಿರುತ್ತದೆ ಎಂದು ಕೇಳುತ್ತ ಹೋದರೆ ಉಳಿದದ್ದು ತಾನಾಗಿ ಬರುತ್ತದೆ.

ಸಾವಿನ ಯೋಚನೆಯ ಬಗ್ಗೆ ಸುತ್ತಿಬಳಸದೆ ಕೇಳಿ: "ಬದುಕುವುದು ಬೇಡ ಅನ್ನಿಸಿದೆಯೇ? ಹೇಗೆ ಎಂದೂ ಯೋಚಿಸಿದ್ದೀರಾ?" ಕೇಳುವುದರಿಂದ ಆ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹೌದು ಎಂದರೆ, ಕೃಷಿಕ ಕುಟುಂಬಗಳಲ್ಲಿ ಮುಂದಿನ ಪ್ರಶ್ನೆ ಕೀಟನಾಶಕ ಎಲ್ಲಿದೆ ಎಂಬುದಾಗಿರಬೇಕು. ಮನೆಯವರ ನೆರವು ಅತಿ ಮುಖ್ಯವಾಗುವುದು ಇಲ್ಲಿಯೇ: ಡಬ್ಬಿಯನ್ನು ಅದೇ ದಿನ ಮನೆಯಿಂದಾಚೆ ಸಾಗಿಸುವುದು, ರಾತ್ರಿ ಒಬ್ಬರು ಜೊತೆಗಿರುವುದು, ಮಾತ್ರೆಗಳನ್ನು ತಾವೇ ಇಟ್ಟುಕೊಳ್ಳುವುದು. ಅದೇ ದಿನ ಮನೋವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಸಂಖ್ಯೆಯನ್ನು ಬಾಯಲ್ಲಿ ಹೇಳಿ ಬಿಡದೆ ಅವರ ಫೋನಿನಲ್ಲಿ ಉಳಿಸಿಕೊಳ್ಳುವಂತೆ ನೋಡಿಕೊಳ್ಳಿ.

ಕೊನೆಯಲ್ಲಿ ಎಲ್ಲರೂ ಮತ್ತೆ ಕೂತಾಗ, "ನೀವೇ ಸ್ವಲ್ಪ ಬುದ್ಧಿ ಹೇಳಿ" ಎಂಬ ಕೋರಿಕೆ ಬಂದೇ ಬರುತ್ತದೆ. (ಬುದ್ಧಿ ಹೇಳಿ ಸರಿಹೋಗುವುದಾಗಿದ್ದರೆ ಮನೆಯಲ್ಲೇ ಯಾವತ್ತೋ ಸರಿಹೋಗಿರುತ್ತಿತ್ತು.) ಬದಲಾಗಿ ಗುರಿಗಳನ್ನು ಕೇಳಿ. ಚಿಕಿತ್ಸಕರ ಮತ್ತು ಚಿಕಿತ್ಸೆಗೆ ಬಂದವರ ಸಹಭಾಗಿತ್ವಕ್ಕೆ ಗುರಿ, ಕಾರ್ಯ, ಬಾಂಧವ್ಯ ಈ ಮೂರೂ ಬೇಕೆಂದು ಅಮೆರಿಕದ ಮನಃಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಬರೆದರು. ನಮ್ಮಲ್ಲಿ ತೊಡಕಾಗುವುದು ಗುರಿಯ ವಿಷಯದಲ್ಲೇ. ಮಗಳು ಮದುವೆಗೆ ಒಪ್ಪಬೇಕೆಂಬುದು ತಂದೆಯ ಗುರಿ, ರಾತ್ರಿ ನಿದ್ದೆ ಬರಬೇಕೆಂಬುದು ಮಗಳ ಗುರಿ. ಎರಡನ್ನೂ ಬರೆದುಕೊಂಡು, ನಾವು ನಿದ್ದೆಯಿಂದ ಆರಂಭಿಸುತ್ತೇವೆ, ಮದುವೆಗೆ ಒಪ್ಪಿಸುವುದು ನನ್ನ ಕೆಲಸವಲ್ಲ ಎಂದು ಸೌಜನ್ಯದಿಂದ ಅಲ್ಲಿಯೇ ಹೇಳಿಬಿಡಿ. ಮುಂದಿನ ಭೇಟಿಯ ದಿನ, ಅಂದು ಯಾರು ಬರಬೇಕು ಎಂಬುದನ್ನು ನಿರ್ಧರಿಸಿಯೇ ಕಳುಹಿಸಿ.

ಅವರು ಹೋದೊಡನೆ, ಮುಂದಿನವರನ್ನು ಕರೆಯುವ ಮೊದಲು, ಯಾರು ಏನೆಂದರು ಎಂಬುದರ ಪಕ್ಕದಲ್ಲಿ ಯಾರ ಮಾತಿಗೆ ನಿಮಗೆ ಸಿಟ್ಟು ಬಂತು, ಯಾರ ಪರ ವಹಿಸಬೇಕೆನ್ನಿಸಿತು ಎಂದೂ ಎರಡು ಸಾಲು ಬರೆದಿಡಿ. ನಿಮ್ಮ ಮೇಲ್ವಿಚಾರಕರೊಂದಿಗಿನ ಚರ್ಚೆಯನ್ನು ಆ ಎರಡು ಸಾಲುಗಳಿಂದಲೇ ಆರಂಭಿಸಿ.